ಅಂಗಡಿಯ ಮರಿ ಮತ್ತು ಕೆಂಪಣ್ಣನವರು

ಕೆಂಪಣ್ಣನವರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ನಾಯಿಗಳದ್ದಾದರೆ ಹತ್ತು ವರ್ಷ ಕಳೆದರೂ ಮರೆಯುತ್ತಿರಲಿಲ್ಲ. ಪುಟ್ಟೇನಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ವಾಕಿಂಗ್ ಬರುವವರೆಲ್ಲ ಅವರ ಪಾಲಿಗೆ ರಾಕಿಯ ಅಪ್ಪ, ಪಿಂಕಿಯ ಅಜ್ಜಿ, ಟೈಗರ್ ಮನೆಯವರು. ಒಮ್ಮೆ ಗಂಭೀರ ಮುಖದ ನಿವೃತ್ತ ಅಧಿಕಾರಿಯೊಬ್ಬರನ್ನು ತಡೆದು, "ಏನ್ ಜಿಮ್ಮಿ ಅಪ್ಪ, ಭೇದಿ ನಿಂತ್ತಾ?" ಎಂದು ಕೇಳಿದ್ದರು. ಜೊತೆಯಲ್ಲಿದ್ದವರೆಲ್ಲ ಆ ಅಧಿಕಾರಿಯ ಹೊಟ್ಟೆಯನ್ನೇ ನೋಡತೊಡಗಿದರಂತೆ.

ಅವರು ಅರೆಕೆರೆಯ ಹಳೇ ಊರಿನವರು. ದನಕರುಗಳ ನಡುವೆ ಬೆಳೆದು, ಪಶು ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದ ಮೇಲೆ ಜೆ.ಪಿ. ನಗರದ ನಮ್ಮ ಬೀದಿ ಕೊನೆಯಲ್ಲಿದ್ದ ಲೇಡಿ ಡಾಕ್ಟರ ನಾಯಿ ಕ್ಲಿನಿಕ್ಕಿಗೆ ಬಂದು ಸೇರಿಕೊಂಡಿದ್ದರು. ಯಾರಾದರೂ ಗೊತ್ತಿಲ್ಲದೆ 'ಡಾಕ್ಟ್ರೇ' ಎಂದರೆ, "ಡಾಕ್ಟ್ರು ಒಳಗವ್ರೆ. ನಾನು ಹಿಡ್ಕೊಳೋನು" ಅನ್ನುತ್ತಿದ್ದರು. ಎಂಥ ಕಚ್ಚುವ ನಾಯಿಯೂ ಅವರ ಮೊಣಕೈ ಸಂದಿಯಲ್ಲಿ ತಲೆಯಿಟ್ಟು ಸುಮ್ಮನಾಗುತ್ತಿತ್ತು. ನಾಯಿಗಳ ಜೊತೆ ಇದ್ದ ಈ ನಯ ನಾಯಿ ಸಾಕಿದವರ ಜೊತೆ ಇರಲಿಲ್ಲ. "ಬಿಸ್ಕತ್ ಹಾಕಿ ಹಾಕಿ ಕಿಡ್ನಿ ತೆಗೆದಿದೀರ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದರು. ಉಳಿಯುವುದಿಲ್ಲ ಎಂದರೆ ಉಳಿಯುವುದಿಲ್ಲ. ಎದುರಿಗಿದ್ದವರು ಅತ್ತರೂ ಮಾತು ಬದಲಾಗುತ್ತಿರಲಿಲ್ಲ. ಅವರಿಗೆ ಹೆದರಿ ಕ್ಲಿನಿಕ್ ಬದಲಾಯಿಸಿದವರೂ ಇದ್ದರು. ನನಗೂ ಮೊದಲು ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ನಮಗೆ ಅವರ ಪರಿಚಯವಾದದ್ದು ನಮ್ಮ ದಡ್ಡತನದಿಂದ. ಜಯನಗರದಲ್ಲಿ ಸೀರೆಗೆ ಫಾಲ್ಸ್ ಹಾಕಿಸಲು ಹೋಗಿದ್ದ ನಾನು ಪಕ್ಕದ ಪೆಟ್ ಶಾಪಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಒಳಗೆ ನಾಲ್ಕು ಲ್ಯಾಬ್ರಡಾರ್ ಮರಿಗಳು. ಮೂರು ಒಂದರ ಮೇಲೊಂದು ಬಿದ್ದು ಗಲಾಟೆ ಮಾಡುತ್ತಿದ್ದವು. ಒಂದು ಮಾತ್ರ ಮೂಲೆಯಲ್ಲಿ ಕಣ್ಣು ಅರೆ ಮುಚ್ಚಿ ಕೂತಿತ್ತು. ಎಷ್ಟು ಸಾಧು ಎಂದುಕೊಂಡು ಅದನ್ನೇ ಆರಿಸಿದೆ. ಎರಡು ತಿಂಗಳಾಗಿದೆ, ಲಸಿಕೆ ಆಗಿದೆ ಎಂದು ಅಂಗಡಿಯವನು ಸ್ಟಿಕ್ಕರ್ ಅಂಟಿಸಿದ ಪುಸ್ತಕವನ್ನೂ ಕೊಟ್ಟ. ಅಂದು ಶುಕ್ರವಾರ.

ಮನೆಗೆ ತಂದರೆ ನನ್ನ ಅತ್ತೆ ಮರಿಯನ್ನು ಮೂಸಿ, "ಏನೇ ಇದು, ಇಷ್ಟು ವಾಸನೆ" ಎಂದು ಸೆರಗು ಸಿಕ್ಕಿಸಿಕೊಂಡರು. ಎಳೆಗೂಸಿಗೆ ನೀರು ಹಾಕುವುದರಲ್ಲಿ ಅತ್ತೆಯ ಕೈ ಹೆಸರುವಾಸಿ. ಹನುಮಂತನಗರದ ಹಳೇ ಮನೆಯಲ್ಲಿದ್ದಾಗ ಬೀದಿಯ ಅರ್ಧ ಮಕ್ಕಳಿಗೆ ಅವರೇ ನೀರು ಹಾಕಿದ್ದರಂತೆ. ಮರಿಗೂ ಅದೇ ಉಪಚಾರ ಆಯಿತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಹಳೇ ಪಂಚೆಯಲ್ಲಿ ಸುತ್ತಿ, ಸಾಂಬ್ರಾಣಿ ಹೊಗೆ ಹಿಡಿದು, ದೃಷ್ಟಿ ತೆಗೆದು, ಗುಂಡ ಎಂದು ಹೆಸರಿಟ್ಟರು. ಗುಂಡ ಅವರ ಮಡಿಲಲ್ಲೇ ಸಂಜೆಯವರೆಗೆ ನಿದ್ದೆ ಮಾಡಿದ.

ಭಾನುವಾರ ಬೆಳಿಗ್ಗೆ ವಾಂತಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಭೇದಿಯಲ್ಲಿ ರಕ್ತ. ಕ್ಲಿನಿಕ್ಕಿಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಪರೀಕ್ಷೆ ಮಾಡಿ 'ಪಾರ್ವೊ' ಎಂದರು. ಮರಿಗಳ ಕರುಳನ್ನೇ ಹಾಳುಮಾಡುವ ಅಂಟುರೋಗವಂತೆ. ಕೆಂಪಣ್ಣನವರು ಗುಂಡನ ತುಟಿ ಎತ್ತಿ ವಸಡು ಒತ್ತಿ ನೋಡಿದರು, ಹಲ್ಲು ನೋಡಿದರು, ಆಮೇಲೆ ತಲೆ ಮೂಸಿದರು.

"ಎರಡು ತಿಂಗಳಾ? ಐದು ವಾರ ಆಗಿದ್ರೆ ಹೆಚ್ಚು. ಹಿಂದಿನ ಹಲ್ಲೇ ಸರಿಯಾಗಿ ಬಂದಿಲ್ಲ. ತಾಯಿ ಹಾಲು ಕುಡೀಬೇಕಾದ ಕೂಸು" ಎಂದರು. ಪುಸ್ತಕ ತೆರೆದು, "ಸ್ಟಿಕ್ಕರ್ ಐತೆ, ಹಾಕಿದ ಡಾಕ್ಟ್ರ ಸೈನಿಲ್ಲ" ಎಂದರು.

"ಎಲ್ಲಕ್ಕಿಂತ ಸಾಧುವಾಗಿತ್ತು ಅಂತ ತಂದೆ" ಎಂದೆ ನಾನು.

"ಈ ವಯಸ್ನಲ್ಲಿ ಮರಿ ಸಾಧು ಇರಲ್ಲಮ್ಮ. ಅದಕ್ಕೆ ಎದ್ದು ಆಡೋಕೆ ತ್ರಾಣ ಇರ್ಲಿಲ್ಲ."

ನಾಲ್ಕು ದಿನ ಡ್ರಿಪ್ ಹಾಕಿದರು. ಕೆಂಪಣ್ಣನವರು ಊಟಕ್ಕೂ ಮನೆಗೆ ಹೋಗದೆ ಅದರ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಬುಧವಾರ ನಾನು ಹೋದಾಗ ಬಾಗಿಲಲ್ಲೇ, "ಹೋಯ್ತು, ಗುಂಡನಮ್ಮ" ಎಂದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅದು ನಮ್ಮ ಮನೆಯಲ್ಲಿ ಆರೋಗ್ಯವಾಗಿದ್ದದ್ದು ಒಂದೂವರೆ ದಿನ. ಅಷ್ಟಕ್ಕೇ ನನ್ನನ್ನು ಗುಂಡನಮ್ಮ ಮಾಡಿಬಿಟ್ಟಿದ್ದರು.

ಅಂಗಡಿಯವನಿಗೆ ಫೋನ್ ಮಾಡಿದರೆ, "ಮೇಡಂ, ಬೇಜಾರ್ ಮಾಡ್ಕೋಬೇಡಿ, ಬೇರೆ ಪೀಸ್ ಎಕ್ಸ್‌ಚೇಂಜ್ ಮಾಡ್ಕೊಡ್ತೀನಿ" ಎಂದ. ನನ್ನ ಗಂಡ ಹೊರಟೂ ನಿಂತಿದ್ದರು. ಕೆಂಪಣ್ಣನವರು ತಡೆದರು. ರೋಗದ ಅಂಶ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಇನ್ನೊಂದು ಮರಿ ತಂದರೆ ಅದೂ ಇದೇ ದಾರಿ ಹಿಡಿಯುತ್ತದೆ ಎಂದು ಬೈದು, ನನ್ನ ಜೊತೆ ಅಂಗಡಿಗೆ ತಾವೇ ಬಂದರು. ಈಗ ಭಾರೀ ಜಗಳ ಆಗುತ್ತದೆ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅವರು ಜಗಳವಾಡಲಿಲ್ಲ. ಷರಟು ಕಳಚಿ ಕೊಕ್ಕೆಗೆ ಹಾಕಿ, ಬ್ಲೀಚಿಂಗ್ ಪೌಡರ್ ತರಿಸಿ, ಪೆಟ್ಟಿಗೆಗಳನ್ನೆಲ್ಲ ತೊಳೆಯಲು ಕೂತರು. ಮಾರಾಟವಾಗದೆ ಉಳಿದಿದ್ದ ಎರಡು ಮರಿಗಳನ್ನು ಬೇರೆ ಮಾಡಿಸಿ ಡಾಕ್ಟರಿಗೆ ಫೋನ್ ಮಾಡಿದರು. ಅಂಗಡಿಯವನು ಬೆಪ್ಪಾಗಿ ನೋಡುತ್ತಿದ್ದ. ನನಗಂತೂ ಮೈ ಉರಿಯುತ್ತಿತ್ತು.

"ಇವನಿಗೆ ಒಂದ್ ಮಾತೂ ಅನ್ಲಿಲ್ವಲ್ಲ ನೀವು" ಎಂದು ಬರುವಾಗ ಆಟೋದಲ್ಲಿ ಕೇಳಿದೆ.

"ಅಂದ್ರೆ ನನ್ನ ಒಳಗ್ ಬಿಡಲ್ಲ. ಒಳಗಿರೋವನ್ನ ಯಾರಮ್ಮ ನೋಡೋದು? ಕಂಪ್ಲೇಂಟು ನೀವ್ ಕೊಡಿ." ದೂರು ಕೊಟ್ಟೆ. ಅವರು ಆ ಅಂಗಡಿ ಮುಚ್ಚುವವರೆಗೂ ವಾರಕ್ಕೊಮ್ಮೆ ಹೋಗಿ ತೊಳೆದುಕೊಟ್ಟು ಬಂದರು.

ಮನೆಯಲ್ಲಿ ಬೇರೆಯೇ ತೊಂದರೆ ಕಾದಿತ್ತು. ಬಂದವರೆಲ್ಲ, "ಅಷ್ಟು ಚಿಕ್ಕ ಮರಿಗೆ ಸ್ನಾನ ಮಾಡಿಸ್ತಾರಾ?" ಎಂದು ಕೇಳಿ ಹೋಗಿದ್ದರು. ಅತ್ತೆ ಮಾತು ಬಿಟ್ಟರು. ನನ್ನ ನಾದಿನಿ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಮಗು ಹುಟ್ಟಿ ಮನೆಗೆ ಬಂದರೂ ಅತ್ತೆ ಮುಟ್ಟಲಿಲ್ಲ. "ನನ್ನ ಕೈಗುಣ ಹೋಗಿದೆ, ಬೇರೆಯವರನ್ನ ಕರೆಸಿ" ಎಂದು ರೂಮಿನಲ್ಲಿ ಕೂತುಬಿಟ್ಟರು. ಮಗಳು ಅತ್ತರೂ ಹೊರಗೆ ಬರಲಿಲ್ಲ. ಅವರನ್ನು ಹಾಗೆ ನೋಡುವುದು ಗುಂಡ ಸತ್ತದ್ದಕ್ಕಿಂತ ಕಷ್ಟವಾಯಿತು. ಕೊನೆಗೆ ಕೆಂಪಣ್ಣನವರ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಹಾಗೆ ಹೇಳುವಾಗಲೇ ಇವರ ಬಾಯಿಂದ ಏನು ಬಂದೀತೋ ಎಂಬ ಹೆದರಿಕೆಯೂ ಇತ್ತು.

ಮಾರನೇ ದಿನ ಇಸ್ತ್ರಿ ಷರಟು ಹಾಕಿಕೊಂಡು ಬಂದರು. ಅತ್ತೆ ಕೇಳಿಯೇಬಿಟ್ಟರು: "ನನ್ನ ಸ್ನಾನದಿಂದ ಹೋಯ್ತಾ ಅದು?"

"ಅಮ್ಮಾವ್ರೆ, ಈ ಕಾಯ್ಲೆ ಮೈಯೊಳಗೆ ಸೇರಿ ಮೂರ್ನಾಲ್ಕು ದಿನ ಆದ್ಮೇಲೆ ಕಾಣ್ಸೋದು. ನಿಮ್ಮನೆಗ್ ಬಂದಿದ್ದು ಶುಕ್ರವಾರ, ವಾಂತಿ ಆಗಿದ್ದು ಭಾನುವಾರ. ಅಂಗಡಿಯಿಂದ್ಲೇ ತಂದಿತ್ತು. ನಿಮ್ಮ ಸ್ನಾನದಿಂದ ಕೂದಲಷ್ಟೂ ಕೆಟ್ಟದ್ದಾಗಿಲ್ಲ" ಎಂದರು. ಕಾಫಿ ಕುಡಿಯದೆ ಎದ್ದು ಹೋದರು. ಅತ್ತೆ ಎದ್ದು ಹೋಗಿ, ಬಚ್ಚಲ ಒಲೆಗೆ ಬದಲು ಬಂದ ಗೀಸರಿನ ಸ್ವಿಚ್ಚು ಹಾಕಿ, ಮಗುವನ್ನು ಕೊಡು ಎಂದು ಕೈ ಚಾಚಿದರು.

ಎರಡು ವರ್ಷದ ಮೇಲೆ ಕೆಂಪಣ್ಣನವರು ಹಾಸಿಗೆ ಹಿಡಿದಾಗ ಅರೆಕೆರೆಯ ಅವರ ಮನೆಗೆ ಹೋಗಿದ್ದೆ. ತುಂಬ ಇಳಿದುಹೋಗಿದ್ದರು. ಮನಸ್ಸು ತಡೆಯದೆ, "ಆ ಸ್ನಾನದಿಂದ ನಿಜವಾಗ್ಲೂ ಏನೂ ಆಗಿರ್ಲಿಲ್ವಾ?" ಎಂದು ಕೇಳಿದೆ.

"ಕಾಯ್ಲೆ ಅಂಗಡೀದೇ. ಆದ್ರೆ ಇದ್ದ ಚೂರು ಶಕ್ತೀನೂ ಸ್ನಾನಕ್ಕೆ ಹೋಯ್ತು" ಎಂದರು. ಸ್ವಲ್ಪ ಸುಧಾರಿಸಿಕೊಂಡು, "ಆ ಕೂಸು ಒಬ್ಬರ ಮಡ್ಲಲ್ಲಿ ಮಲಗಿದ್ದು ಅದೊಂದೇ ದಿನ ಕಣಮ್ಮ. ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ" ಎಂದರು. ಹತ್ತು ದಿನದ ಮೇಲೆ ಅವರು ತೀರಿಕೊಂಡರು.

ಈ ಮಾತನ್ನು ನಾನು ಅತ್ತೆಗೆ ಹೇಳಲಿಲ್ಲ. ಸಾವಿನ ಸುದ್ದಿ ಮಾತ್ರ ಹೇಳಿದೆ. ಅವರು ಮೊಮ್ಮಗಳ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದರು. ಕೈ ನಿಂತಿತು, ಕಣ್ಣು ತುಂಬಿತು.

"ಅವತ್ತು ಅವರು ನನ್ನ ಮುಖ ನೋಡ್ಲೇ ಇಲ್ಲ ಕಣೇ. ಕ್ಯಾಲೆಂಡರ್ ನೋಡ್ಕೊಂಡ್ ಹೇಳಿದ್ರು. ಸುಳ್ಳು ಅಂತ ಆಗ್ಲೇ ಗೊತ್ತಾಯ್ತು. ಯಾರಿಗೂ ಸುಳ್ಳು ಹೇಳ್ದಿರೋ ಮನುಷ್ಯ ನನಗೋಸ್ಕರ ಹೇಳ್ತಿದಾರಲ್ಲ ಅಂತ ನಂಬಿಬಿಟ್ಟೆ."