ಮೂಗಿನಲ್ಲೇ ವೈನ್ ರುಚಿ ನೋಡುವವರು

ಹೊಳೆನರಸೀಪುರದಲ್ಲಿ ಫ್ರಾನ್ಸಿನ ಹಳೇ ಕೆಂಪು ವೈನಿಗೆ ತೀರ್ಪು ಕೊಡಬಲ್ಲವರೆಂದರೆ ತಿರುನಾರಾಯಣ ಅಯ್ಯಂಗಾರರೊಬ್ಬರೇ. ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ನಲವತ್ತು ವರ್ಷ ದೇವಸ್ಥಾನದಲ್ಲಿ ಅಡುಗೆ ಮಾಡಿದವರು; ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ, ಹಾಗಾಗಿ ಪುಳಿಯೋಗರೆಯ ಉಪ್ಪನ್ನೂ ಮೂಗಿನಲ್ಲೇ ಅಳೆದವರು. ಈಗ ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ಬಾಟಲಿಗಳು ಬರುತ್ತವೆ. ಜಗಲಿಯಿಂದ ಮೂರು ಮಾರು ದೂರದಲ್ಲಿ ಬಿರಡೆ ತೆಗೆಸಿ, ಬಾಯಿಗೆ ವಸ್ತ್ರ ಕಟ್ಟಿಕೊಂಡು, ಕಣ್ಣು ಮುಚ್ಚಿ ಗಾಳಿಗೆ ಮೂಗೊಡ್ಡುತ್ತಾರೆ. "ಮುಂದೆ ನೇರಳೆ, ಹಿಂದೆ ಹಳೇ ಹುಣಸೆ. ಮಲಗಿಸಿಡೋ ಬಾಟಲಿನ ನಿಲ್ಲಿಸಿಟ್ಟಿದಾರೆ, ಮುಠ್ಠಾಳರು!" ಎಂದು ಸಿಡುಕಿ, ನೇರವಾಗಿ ಸ್ನಾನಕ್ಕೆ ಹೋಗುತ್ತಾರೆ. ಈ ಉದ್ಯೋಗ ಹಚ್ಚಿದವನು ಆಲೂಗಡ್ಡೆ ಮಂಡಿಯ ರಂಗಸ್ವಾಮಿ. ತೊಂಬತ್ತೆಂಟನೇ ಇಸವಿಯಲ್ಲಿ ಯಾರೋ ಫ್ರೆಂಚ್ ಪ್ರವಾಸಿ ಕೊಟ್ಟ ಇಪ್ಪತ್ತು ವರ್ಷದ ವೈನ್ ತಂದು, ಇದೇ ನೇರಳೆ-ಹುಣಸೆಯ ತೀರ್ಪು ಕೇಳಿ, ಅಲ್ಲೇ ಒಂದು ಗುಟುಕು ಕುಡಿದು, "ಸರ್ಯಾಗ್ ಯೇಳ್ಬುಟ್ರಿ ಸ್ವಾಮಿ! ಅದೇ ನೇರ್ಳೆ, ಅದೇ ಉಣಸೆ ಕಣ್ರಿ!" ಎಂದು ಕೂಗಿದ್ದ. ಅಯ್ಯಂಗಾರರು ಸ್ನಾನ ಮರೆತು ನಿಂತುಬಿಟ್ಟರು. ಅವರ ಅಡುಗೆಯನ್ನು ದೇವರು ಸುಮ್ಮನೆ ಉಂಡಿದ್ದ, ಭಕ್ತರು ಕಣ್ಣಿಗೊತ್ತಿಕೊಂಡು ನುಂಗಿದ್ದರು. ಉಪ್ಪು ಸರಿಯಿದೆಯೆಂದು ನಲವತ್ತು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ. ಬಾಯಿಗೆ ಕಟ್ಟಿದ್ದ ವಸ್ತ್ರದೊಳಗಿಂದಲೇ ಅವರು ಮೆಲ್ಲಗೆ ಕೇಳಿದರು: "ಇನ್ನೊಂದ್ಸಲ ಹೇಳಪ್ಪಾ."