ಮೊಣಕೈಯಲ್ಲೂ ಒತ್ತಬಹುದಾದ ಕರೆಗಂಟೆ

ಬೆಳಗಿನ ಐದೂವರೆ. ವೃದ್ಧಾಶ್ರಮದ ಖಾಲಿ ಕೋಣೆಯೊಂದರಲ್ಲಿ ಐವತ್ಮೂರು ವರ್ಷದ ಹೆಂಗಸೊಬ್ಬರು ಎರಡೆರಡು ಜೊತೆ ಉಣ್ಣೆಯ ಕೈಗವಸು ತೊಟ್ಟು, ಕನ್ನಡಕಕ್ಕೆ ಎಣ್ಣೆ ಸವರಿಕೊಂಡು ಮಂಚದ ಮೇಲೆ ಮಲಗಿದ್ದಾರೆ. ಚಳಿಯೂ ಇಲ್ಲ, ಕಾಯಿಲೆಯೂ ಇಲ್ಲ. ಅಂಗೈಯಗಲದ ಬಟ್ಟೆಯ ಮೆತ್ತೆಯೊಂದನ್ನು ಮೊದಲು ಬೆರಳಿನಿಂದ, ಆಮೇಲೆ ಮುಷ್ಟಿಯಿಂದ, ಕೊನೆಗೆ ಮೊಣಕೈಯಿಂದ ಒತ್ತಿ ನೋಡುತ್ತಿದ್ದಾರೆ. ಒತ್ತಿದಾಗಲೆಲ್ಲ ಪಕ್ಕದಲ್ಲಿಟ್ಟ ಕೈಪಟ್ಟಿ ಗುಂಯ್ ಎಂದು ನಡುಗುತ್ತದೆ.

"ಇನ್ನೂರು ಸಲ ಒತ್ತೀನಿ. ಒಂದ್ ಸಲ ಕೈ ಕೊಟ್ರೂ ಬಿಚ್ಚಿ ಮತ್ತೆ ಹೊಲೀತೀನಿ. ವಯಸ್ಸಾದೋರ ಕೈ, ವಯಸ್ಸಾದೋರ ಕಣ್ಣು ನಮಗೆ ಗೊತ್ತಾಗ್ಬೇಕಲ್ಲ!"

ಇಲ್ಲಿ ಎಲ್ಲರಿಗೂ ಅವರು 'ಗುಂಡಿ ಅಕ್ಕ'. "ಮೊದಲು ಅಂಗಿಗೆ ಗುಂಡಿ ಹಾಕ್ತಿದ್ದೆ, ಈಗ ಕರೆಗಂಟೆಗೆ. ರಸ್ತೆ ಗುಂಡಿ ಮುಚ್ಚೋದೊಂದು ನನ್ನ ಕೈಲಾಗಲ್ಲ" ಎಂದು ನಗುತ್ತಾರೆ.

ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಜೀವ. ಒಂಬತ್ತು ವರ್ಷದ ಹಿಂದೆ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಬಿದ್ದರೆ ಕರೆಯಲೆಂದು ಕೊರಳಿಗೆ ಹಾಕುವ ಸಾಧನ ತಂದರು. ಒಂದು ಮಧ್ಯಾಹ್ನ ಹೊಲಿದ ಬಟ್ಟೆ ತಲುಪಿಸಿ ಬರುವಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಬಿದ್ದಿದ್ದರು. ಸಾಧನ ಕೊರಳಲ್ಲೇ ಇತ್ತು. ಬಟಾಣಿ ಕಾಳಿನಷ್ಟು ಗುಂಡಿ, ಅದೂ ಕಲ್ಲಿನಂತೆ ಗಟ್ಟಿ. ನಡುಗುವ ಬೆರಳಿಗೆ ಅದು ದಕ್ಕಿರಲಿಲ್ಲ. ಒಂದೂವರೆ ಗಂಟೆ ಒದ್ದೆ ನೆಲದ ಮೇಲೆ ಬಿದ್ದಿದ್ದರು.

"ಕಡಲೆ ಇತ್ತು, ಹಲ್ಲಿರಲಿಲ್ಲ. ಆವತ್ತಿಂದ ನಂಗೆ ನಿದ್ದೆ ಬರಲಿಲ್ಲ."

ರೇಡಿಯೊ ರಿಪೇರಿ ಮಾಡುವ ಮೈದುನನನ್ನು ಹಿಡಿದು ಕೂರಿಸಿದರು. ಬಾಗಿಲ ಗಂಟೆಯೊಂದನ್ನು ಬಿಚ್ಚಿ ಅದರ ಗುಂಡಿಯನ್ನು ಬಟ್ಟೆಯೊಳಗೆ ಹೊಲಿದರು. ಎಷ್ಟು ಮೆತ್ತಗಿರಬೇಕು ಎಂದು ಅತ್ತೆಯನ್ನೇ ಕೇಳಿದರು. "ಮಗೂನ ಕೆನ್ನೆ ಹಾಗಿರ್ಲಿ ಕಣೇ" ಎಂದರಂತೆ. ಹನ್ನೊಂದು ಮೆತ್ತೆ ಹಾಳಾದವು, ಹನ್ನೆರಡನೆಯದು ಕೂಗಿತು. ಆಮೇಲೆ ವಾರವಿಡೀ ಅತ್ತೆ ಒತ್ತಿದ್ದೇ ಒತ್ತಿದ್ದು. ಓಡಿಹೋದರೆ, "ಏನಿಲ್ಲ, ಬರ್ತೀಯೋ ಇಲ್ವೋ ನೋಡಿದೆ."

ಅತ್ತೆ ತೀರಿಕೊಂಡ ಮೇಲೆ ಈ ವೃದ್ಧಾಶ್ರಮದವರೇ ಕರೆದರು. ಈಗ ಮೂವತ್ತೆಂಟು ಕೋಣೆ; ಹಾಸಿಗೆಗೊಂದು, ಬಚ್ಚಲಿಗೊಂದು ಮೆತ್ತೆ. ಮೊದಲು ಗಂಟೆ ಹೊಡೆದರೆ ಇಡೀ ಕಟ್ಟಡವೇ ಎಚ್ಚರವಾಗುತ್ತಿತ್ತು. ಈಗ ಆರೈಕೆಯವರ ಕೈಪಟ್ಟಿಯಷ್ಟೇ ನಡುಗುತ್ತದೆ. ಆರೈಕೆಯವರ ಸೊಂಟದಲ್ಲೂ ಪುಟ್ಟ ಮೆತ್ತೆಯಿದೆ. ಒತ್ತಿದರೆ, ಎತ್ತಿ ಕೂರಿಸಲು ಇನ್ನೊಬ್ಬರು ಓಡಿ ಬರುತ್ತಾರೆ. "ಎಲ್ರನ್ನೂ ಎತ್ತೋರ ಸೊಂಟ ಹೋದ್ರೆ ಅವರನ್ನ ಯಾರಪ್ಪಾ ಎತ್ತೋದು?"

ಆದರೆ ಅಕ್ಕನಿಗೆ ನಿಜವಾದ ಪಾಠ ಕಲಿಸಿದವರು ನಿವೃತ್ತ ಹೆಡ್‌ಮೇಷ್ಟ್ರೊಬ್ಬರು. ಏನು ಮಾಡಿದರೂ ಅವರು ಒತ್ತುತ್ತಿರಲಿಲ್ಲ.

"ಜೀವಮಾನವಿಡೀ ಗಂಟೆ ಹೊಡೆಸಿದೋನು ನಾನು. ಈಗ 'ಬನ್ನಿ, ಎತ್ತಿ' ಅಂತ ಒತ್ಲಾ?"

ಅಕ್ಕ ಮೂರು ದಿನ ಯೋಚಿಸಿದರು. ಮೆತ್ತೆಯ ಇನ್ನೊಂದು ಬದಿಗೆ ಹಸಿರು ಬಟ್ಟೆ ಹೊಲಿದು, ಅದರಡಿಗೂ ಒಂದು ಗುಂಡಿ ಇಟ್ಟು ಕೊಟ್ಟರು. "ಮೇಷ್ಟ್ರೇ, ಸಹಾಯಕ್ಕೆ ಒತ್ಬೇಡಿ. ಬೆಳಿಗ್ಗೆ ಏಳಕ್ಕೆ ಹಸಿರು ಕಡೆ ಒತ್ತಿ 'ಚೆನ್ನಾಗಿದ್ದೀನಿ' ಅಂತ ಹಾಜರಿ ಹಾಕಿ."

ಹಾಜರಿ ಎಂದ ಮೇಲೆ ಮೇಷ್ಟ್ರು ತಪ್ಪಿಸುತ್ತಾರೆಯೇ? ನಲವತ್ತು ದಿನ ಏಳಕ್ಕೆ ಸರಿಯಾಗಿ ಹಾಜರಿ. ನಲವತ್ತೊಂದನೆಯ ದಿನ ಏಳೂಕಾಲಾದರೂ ಸುದ್ದಿಯಿಲ್ಲ. ಆರೈಕೆಯವರು ಬಾಗಿಲು ತೆರೆದರೆ, ಮೇಷ್ಟ್ರು ಮಂಚಕ್ಕೂ ಗೋಡೆಗೂ ನಡುವೆ ಎಚ್ಚರ ತಪ್ಪಿ ಬಿದ್ದಿದ್ದಾರೆ. ತಡ ಮಾಡಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಹದಿನೈದು ದಿನಕ್ಕೆ ಆಸ್ಪತ್ರೆಯಿಂದ ಮರಳಿ ಬಂದ ಮೇಷ್ಟ್ರು ಗತ್ತಿನಿಂದಲೇ ಹೇಳಿದರು: "ರಜಾ ಅರ್ಜಿ ಕೊಡೋಕ್ಕಾಗ್ಲಿಲ್ಲಮ್ಮ." ಈಗ ಮೂವತ್ತೆಂಟು ಕೋಣೆಯಲ್ಲೂ ಹಸಿರು ಹಾಜರಿ ನಡೆಯುತ್ತದೆ.

ಕಳೆದ ತಿಂಗಳು ಕಂಪನಿಯೊಂದರ ಇಂಜಿನಿಯರುಗಳು ಬಂದು ಮೆತ್ತೆಗಳ ಫೋಟೊ ತೆಗೆದುಕೊಂಡು ಹೋದರು. ಅವರು ಮಾಡುವ ಮೆತ್ತೆಗೆ ನಿಮ್ಮ ಹೆಸರು ಹಾಕಬೇಕಲ್ಲವೇ ಎಂದು ಕೇಳಿದರೆ ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಬೇಡವೆಂದು ತಲೆಯಾಡಿಸುತ್ತಾರೆ.

"ಹೆಸರು ತಗೊಂಡು ಏನ್ ಮಾಡ್ಲಿ? ನಾಳೆ ನಂಗೂ ಕೈ ನಡುಗುತ್ತೆ, ಕಣ್ಣು ಮಂಜಾಗುತ್ತೆ. ಆಗ ನಂಗೋಸ್ಕರ ಏನಾದ್ರೂ ಮಾಡೋರು, ಮಾಡೋಕ್ ಮುಂಚೆ ನನ್ನನ್ನ ಒಂದ್ ಮಾತು ಕೇಳ್ಲಿ. ಅಷ್ಟು ಸಾಕು."