ಹಗೇವಿನ ಬಾಯಿ ಮ್ಯಾಲ ಹೊರಸು

ಭಾವನ ಕಂದೀಲಕ್ಕ ನಾ ನೀರು ತುಂಬಿದ್ದು ಖರೆ. ಇಷ್ಟು ವಯಸ್ಸಾದ ಮ್ಯಾಲ ಸುಳ್ಳ್ಯಾಕ ಹೇಳಲಿ? ಹುಕ್ಕೇರಿಯಿಂದ ಮೂಡಲಗಿಗೆ ಸೊಸಿಯಾಗಿ ಬಂದು ಆಗ ವರ್ಷ ಆಗಿರಲಿಲ್ಲ. ಭಾವ ಅಂದ್ರ ಗಂಡನ ಅಣ್ಣ, ದೊಡ್ಡ ಪೈಲವಾನ್ರು. ಗೋಕಾಕದ ಹೊಳಿಯೊಳಗ ಮುಳುಗಿ ನೂರು ಎಣಿಸೂತನಕ ಉಸಿರು ಹಿಡಿತಿದ್ರು, ಅದನ್ನ ಊಟಕ್ಕ ಕುಂತಾಗೆಲ್ಲಾ ಹೇಳತಿದ್ರು. ಕೇಳಿ ಕೇಳಿ ನನಗ ತಲಿ ಚಿಟ್ಟು ಹಿಡದಿತ್ತು. ಒಂದು ಸಂಜೆ ಕಂದೀಲಕ್ಕ ಎಣ್ಣಿ ಬದಲಿ ನೀರು ಹಾಕಿಟ್ಟೆ. ಅರ್ಧ ಕಡ್ಡಿಪೆಟಗಿ ಗೀರಿದ ಮ್ಯಾಲ ಅವರು ಮೂಸಿ ನೋಡಿದ್ರು. ಅಡಗಿಮನ್ಯಾಗ ನಾ ನಕ್ಕದ್ದು ಓಣಿಗೆಲ್ಲಾ ಕೇಳಿತ್ತು.

ಮುಂದಿನ ವಾರ ಹಗೇವು ತಗದ್ರು. ಹಗೇವು ಅಂದ್ರ ಅಂಗಳದಾಗ ಎರಡಾಳು ಆಳದ ತಗ್ಗು, ಒಳಗ ಜ್ವಾಳ. ಬಾಯಿ ಒಬ್ಬ ಮನಶ್ಯಾ ಇಳಿಯೂವಷ್ಟ ಇರತೈತಿ, ಅದಕ್ಕ ಕಲ್ಲು ಮುಚ್ಚಿ ಮಣ್ಣು ಮೆತ್ತತಾರ. ಅರ್ಧ ಜ್ವಾಳ ಬ್ಯಾಸಗ್ಯಾಗ ತಗದಿದ್ರು. ಉಳದದ್ದು ಮಳಿಗಾಲ ಪೂರ್ತಿ ಒಳಗ ಕುಂತಿತ್ತು. ಒಳಗಿನ ಗಾಳಿ ಕೆಟ್ಟೈತೇನು ನೋಡಾಕ, ರೂಢಿ ಪ್ರಕಾರ ಭಾವ ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಟ್ರು. ಎರಡು ಮೊಳ ಇಳದದ್ದ ತಡ, ಆರಿತು.

ಕಂದೀಲು ಆರಿದ್ರ ಎರಡು ದಿನ ಬಾಯಿ ತಗದ ಬಿಡಬೇಕು, ಇದು ಕೂಸಿಗೂ ಗೊತ್ತು. ಆದ್ರ ಭಾವ ಹಗೇವು ನೋಡಲಿಲ್ಲ, ಅಡಗಿಮನಿ ಬಾಗಲಾ ನೋಡಿದ್ರು. "ಅವ್ವಾ, ಈ ಸಲ ಎಣ್ಯಾಗ ನೀರು ಬೆರಸ್ಯಾಳ ಅಕಿ!" ಅಂದವ್ರ ಧೋತರ ಬಿಗದ ಕಟ್ಟಿದ್ರು. "ಗಾಳಿ ಕೆಟ್ಟಿದ್ರೂ ಏನಾತು? ಉಸಿರು ಹಿಡದ ಇಳೀತೇನಿ."

ಆ ಎಣ್ಣಿ ನಾನ ಹಾಕಿದ್ದೆ, ಚೊಕ್ಕ ಎಣ್ಣಿ. ನಂಬೂವರು ಯಾರು? ನನ್ನ ಒಂದು ಕಿತಾಪತಿ ಆ ಮನಶ್ಯಾನ ಜೀವಾ ತಗೀತಿತ್ತು. ನಮ್ಮ ಮನಿಯವರು ಗೋಕಾಕ ಫಾಲ್ಸಿನ ಗಿರಣ್ಯಾಗ ಇದ್ರು, ಐತವಾರ ಬರೂವರು. ಬಾಜೂಕ ಮಲಗೂ ಹಗ್ಗದ ಹೊರಸು ಕಂಡಿತು. ದರದರ ಎಳದು ಹಗೇವಿನ ಬಾಯಿ ಮ್ಯಾಲ ಹಾಕಿ, ಸೆರಗು ಮಾರಿತನಕ ಎಳಕೊಂಡು, ಅದರ ಮ್ಯಾಲ ಕುಂತ ಬಿಟ್ಟೆ.

ಈಗ ಪೈಲವಾನ್ರ ಫಜೀತಿ ನೋಡ್ರಿ! ತಮ್ಮನ ಹೆಂಡತೀನ್ನ ಭಾವ ಮುಟ್ಟಬಾರದು, ಮಾತಾಡಸಬಾರದು. ಇದು ನಮ್ಮತ್ತಿ ಕಾಯದೆ. ಇಂಗ್ರೇಜರ ಕಾಯದೆ ಮುರದ್ರ ಜೇಲ್ನ್ಯಾಗರ ಊಟ ಸಿಗತಿತ್ತು, ಅತ್ತಿ ಕಾಯದೆ ಮುರದ್ರ ಅದೂ ಇಲ್ಲ.

"ಅವ್ವಾ, ಅಕೀಗೆ ಏಳಂತ ಹೇಳು!"

"ಅತ್ತೀ, ಒಳಗ ಜ್ವಾಳ ಉಸಿರಾಡೇತಿ ಅಂತ ಹೇಳ್ರಿ."

ಅತ್ತಿ ಇಬ್ಬರ ನಡಕ ಸಿಕ್ಕೊಂಡಿದ್ರು. "ಜ್ವಾಳಕ್ಕ ಮೂಗೆಲ್ಲೈತೇ ನಮ್ಮವ್ವಾ?" ಅಂದ್ರು.

ನಮ್ಮಪ್ಪ ಹುಕ್ಕೇರ್ಯಾಗ ಸಾಲಿ ಮಾಸ್ತರು. ಅವರು ಕಲಿಸಿದ್ದನ್ನೆಲ್ಲಾ ಒಂದ ಉಸಿರಿಗೆ ಒದರಿದೆ. ಉಸಿರಂದ್ರ ಬರೇ ಮೂಗಿನ ಕೆಲಸಲ್ಲ. ಎದಿಯೊಳಗಿನ ಪುಪ್ಪುಸದಾಗ ಸಾಸವಿಗಿಂತ ಸಣ್ಣ ಗಾಳಿಚೀಲ ಅದಾವ. ಅವುಗಳ ತೆಳು ಗ್ವಾಡಿ ದಾಟಿ ಆಮ್ಲಜನಕ ರಕ್ತಕ್ಕ ಹೋಗತೈತಿ, ರಕ್ತದಾಗಿನ ಕೆಟ್ಟ ಗಾಳಿ ಹೊರಗ ಬರತೈತಿ. ರಕ್ತ ಆಮ್ಲಜನಕಾನ ಮೈಯ ಕಣಕಣಕ್ಕೂ ಒಯ್ಯತೈತಿ. ಅಲ್ಲಿ ತಿಂದ ರೊಟ್ಟಿ ಬೆಂಕಿ ಇಲ್ಲದ ಸಾವಕಾಶ ಉರದು ಕಸುವು ಕೊಡತೈತಿ. ಬಿತ್ತಿದ್ರ ಮೊಳಕಿ ಬರೂ ಜ್ವಾಳಕ್ಕೂ ಜೀವ ಐತಿ, ಮೂಗಿಲ್ಲದಿದ್ರೂ ಅದರ ಕಣದಾಗೂ ಹಂಗ ಉರೀತೈತಿ. ಮುಚ್ಚಿದ ಹಗೇವಿನಾಗ ಒಳ್ಳೆ ಗಾಳೀನೆಲ್ಲಾ ತಿಂದು ಇಂಗಾಲಾಮ್ಲ ಅನ್ನೂ ಆ ಕೆಟ್ಟ ಗಾಳಿ ಬಿಟ್ಟೈತಿ. ಅದು ಭಾರ, ತಳದಾಗ ಕುಂದರತೈತಿ.

ಇಷ್ಟೂ ಕೇಳಿ ಅತ್ತಿ ಮಗಗ ಹೇಳಿದ್ದು ಒಂದ ಮಾತು: "ಜ್ವಾಳ ಹೂಸು ಬಿಟ್ಟೈತಂತಪಾ, ಇಳೀಬ್ಯಾಡಂತ."

ಭಾವ ಆಕಾಶ ನೋಡಿ ಗುಡುಗಿದ್ರು. "ನೂರು ಎಣಿಸೂತನಕ ಹಿಡಿತೇನಿ ನಾ!"

"ಅತ್ತೀ, ಹೊಳ್ಯಾಗ ಸುಮ್ನ ಕುಂದರತಾರ. ಹಗೇವಿನಾಗ ಜ್ವಾಳದ ಚೀಲ ತುಂಬೂದು ದುಡಿಮಿ. ಉಸಿರು ಹಿಡದ ಬೈಠಕ್ ಹೊಡದ ತೋರಸ್ರಿ ಅನ್ರಿ."

ಪೈಲವಾನ್ರು ಬಿಟ್ಟಾರೇನು? ಮೂಗು ಹಿಚಕಿ ಶುರು ಮಾಡಿದ್ರು. ಓಣಿ ಮಂದಿ ಕೂಡಿ ಎಣಸಾಕತ್ತಿದ್ರು. ಹತ್ತಕ್ಕ ಮಾರಿ ಕೆಂಪಾತು, ಇಪ್ಪತ್ತಕ್ಕ ಕಣ್ಣು ಮ್ಯಾಲಾದುವು, ಇಪ್ಪತ್ನಾಕಕ್ಕ ಭುಸ್ ಅಂತ ಬಿಟ್ಟು ನೆಲಕ್ಕ ಕುಂತ್ರು. ದುಡಿಯೂ ತೊಡಿ ಗಾಳಿ ಬೇಡದ ಬಿಡತಾವೇನು? ನಾ ಸೆರಗಿನೊಳಗ ಕಿಸಿಕಿಸಿ ನಕ್ಕೆ.

ಅದ ತಪ್ಪಾತು. ಸಿಟ್ಟಿಗೆದ್ದು ಬಂದು ಹೊರಸಿನ ಕಾಲಿಗೆ ಕೈ ಹಾಕಿದ್ರು. ಹೊರಸು ಮುಟ್ಟಬಾರದಂತ ಕಾಯದೆ ಇರಲಿಲ್ಲ ನೋಡ್ರಿ. ನನ್ನ ಸಮೇತ ಹೊರಸು ಒಂದು ಮೊಳ ಸರೀತು. ಕಿತ್ತ ಮಣ್ಣಿನಾಗ ಕಾಳು ಕುಕ್ಕಾಕತ್ತಿದ್ದ ನೆರಿಮನಿ ಕೋಳಿ ಗಾಬರಿಬಿದ್ದು ಹಾರಿ, ಆ ಸಂದ್ಯಾಗ ಹಗೇವಿನೊಳಗ ಬಿತ್ತು. ಪಟಪಟ ರೆಕ್ಕಿ ಬಡೀತು. ಒಮ್ಮೆ ಕೊಕ್ ಅಂತು. ಆಮ್ಯಾಲ ಸುಮ್ಮನಾತು.

ಓಣಿಯವರ ನಗಿ ನಿಂತು ಹೋತು. ಭಾವ ದೂರದಿಂದ ಬಗ್ಗಿ ಕಿವಿಗೊಟ್ರು, ಭಾಳೊತ್ತು ಕೇಳಿದ್ರು. ಒಳಗ ಸಪ್ಪಳ ಇಲ್ಲ. ನಾ ಗಳಗಳ ಅಳಾಕತ್ತಿದ್ದೆ, ಕೋಳಿ ಸಲುವಾಗಿ ಅಲ್ಲ.

ಅವರು ಹೊರಸನ್ನ ತಾವ ತಿರುಗಿ ಬಾಯಿ ಮ್ಯಾಲ ಸರಿಸಿದ್ರು. ಅತ್ತಿ ಕಡೆ ನೋಡಲಿಲ್ಲ. ಸೀದಾ ನನ್ನ ಮಾರಿ ನೋಡಿ ಅಂದ್ರು, "ಏಳಬ್ಯಾಡ ತಂಗಿ. ಅಲ್ಲೇ ಕುಂದರು."